ಹಬ್ಬಕ್ಕೆ ಬನ್ನಿ, ಫೀಲ್ಡ್‌ವರ್ಕಿಗೆ ಬೇಡ

ಮಾನವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಟಿರುವ ಕನ್ನಡದ ಹುಡುಗ ಹುಡುಗಿಯರಲ್ಲಿ ನನ್ನದೊಂದು ವಿನಂತಿಯಿದೆ. ದಯವಿಟ್ಟು ಊರಿಗೆ ವಾಪಸ್ ಬರಬೇಡಿ. ಹಬ್ಬಕ್ಕೆ ಬನ್ನಿ, ಅಕ್ಕನ ಮಗುವಿನ ನಾಮಕರಣಕ್ಕೆ ಬನ್ನಿ, ಹುಷಾರಿಲ್ಲದ ಅಪ್ಪನನ್ನು ನೋಡಲು ಸಾಲ ಮಾಡಿಯಾದರೂ ಬನ್ನಿ. ಆದರೆ ಜೇಬಿನಲ್ಲಿ ರೆಕಾರ್ಡರು, ಚೀಲದಲ್ಲಿ ಸಮ್ಮತಿ ಪತ್ರದ ಕಟ್ಟು ಇಟ್ಟುಕೊಂಡು, ನಿಮ್ಮನ್ನು ಎತ್ತಿ ಆಡಿಸಿದ ಅಜ್ಜಿಯ ಎದುರು ಕೂತು ‘ನಿಮ್ಮ ಲೋಕದೃಷ್ಟಿ ಏನು’ ಎಂದು ಕೇಳಲು ಬರಬೇಡಿ. ನೀವು ಓದಲು ಹೋದ ದೇಶದಲ್ಲೂ ಮನುಷ್ಯರಿದ್ದಾರೆ. ಅವರನ್ನು ಓದಿ.

ನಾನು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯವನು. ಈಗ ಅಮೆರಿಕದ ಮಧ್ಯಪಶ್ಚಿಮ ಸೀಮೆಯ ಒಂದು ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದಲ್ಲಿ ನಾಲ್ಕನೇ ವರ್ಷ. ನಮ್ಮ ವರ್ಷ ಸೇರಿದವರು ಏಳು ಜನ. ನಾಲ್ವರು ಅಮೆರಿಕನ್ನರು, ಮೂವರು ‘ಇಂಟರ್‌ನ್ಯಾಷನಲ್’. ಅಮೆರಿಕನ್ನರಲ್ಲಿ ಒಬ್ಬಳು ಪೆರುವಿಗೆ ಹೋದಳು, ಒಬ್ಬ ಘಾನಾಕ್ಕೆ, ಒಬ್ಬಳು ಇಂಡೋನೇಷ್ಯಾಕ್ಕೆ, ಇನ್ನೊಬ್ಬ ನಮ್ಮ ಮೈಸೂರು ಸೀಮೆಗೇ ಬಂದ. ಮಿಕ್ಕ ಮೂವರಲ್ಲಿ ಚೀನಾದವಳು ಚೀನಾಕ್ಕೆ ಹೋದಳು, ನೈಜೀರಿಯಾದವನು ನೈಜೀರಿಯಾಕ್ಕೆ ಹೋದ. ನನ್ನ ಹೆಸರಿನ ಮುಂದೆ ‘ತುಮಕೂರು ಜಿಲ್ಲೆ’ ಎಂದು ಎಲ್ಲರೂ ಮನಸ್ಸಿನಲ್ಲೇ ಬರೆದುಕೊಂಡಿದ್ದರು. ಯಾರೂ ಹುಕುಂ ಹೊರಡಿಸಲಿಲ್ಲ. ಅಲ್ಲಿ ಹುಕುಂ ಎಂಬುದಿಲ್ಲ, ಎಲ್ಲವೂ ಸಲಹೆ. ‘ನಿನಗೆ ಅಲ್ಲಿ ಪ್ರವೇಶ ಇದೆಯಲ್ಲ’ ಎಂಬುದು ಮೊದಲ ಸಲಹೆ. ‘ನಿನ್ನ ಸಮುದಾಯದ ದನಿ ಈ ಶಾಸ್ತ್ರಕ್ಕೆ ಬೇಕಾಗಿದೆ’ ಎಂಬುದು ಎರಡನೆಯದು. ನಾನು ಈ ದೇಶದ ರೈತರ ಬಗ್ಗೆ ಕೆಲಸ ಮಾಡುತ್ತೇನೆ ಎಂದಾಗ ಬಂದದ್ದು ಸಲಹೆಯಲ್ಲ, ಒಂದು ನಗು. ಆಮೇಲೆ ‘ಕೆಲಸ ಸಿಗುವುದು ಕಷ್ಟವಾಗಬಹುದು’ ಎಂಬ ಕಾಳಜಿ.

ಈ ‘ಪ್ರವೇಶ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೈಸೂರು ಸೀಮೆಗೆ ಬಂದ ನನ್ನ ಸಹಪಾಠಿಗೆ ಕನ್ನಡ ಕಲಿಯಲು ಅಮೆರಿಕ ಸರ್ಕಾರದ ದುಡ್ಡಿನ ಫ್ಲಾಸ್ ಎಂಬ ವಿದ್ಯಾರ್ಥಿವೇತನ ಸಿಕ್ಕಿತು. ಅದು ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಮೈಸೂರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ನಡೆಸುವ ಕನ್ನಡ ತರಗತಿಗಳಿವೆ, ಅಲ್ಲಿ ಅವನು ಒಂದು ಬೇಸಿಗೆ ಕಲಿತ. ಒಳ್ಳೆಯ ಹುಡುಗ, ಕಷ್ಟಪಟ್ಟು ಕಲಿತ, ‘ಹೋಗೋಣು ಬನ್ನಿ’ ಎನ್ನುತ್ತಾನೆ, ಕೇಳಲು ಖುಷಿಯಾಗುತ್ತದೆ. ಅವನ ಅರ್ಜಿಗಳಲ್ಲಿ ಕನ್ನಡ ಒಂದು ಅರ್ಹತೆ, ವಿಧಾನದ ಭಾಗ. ನನ್ನ ಅರ್ಜಿಗಳಲ್ಲಿ ಅದೇ ಕನ್ನಡ ಹುಟ್ಟಿನ ಗುರುತು. ಅವನದು ವಿದ್ಯೆ, ನನ್ನದು ಪ್ರವೇಶ. ಅವನು ಕನ್ನಡಕ್ಕೆ ಅನುವಾದಿಸಿದ ಸಮ್ಮತಿ ಪತ್ರವನ್ನು ತಿದ್ದಿಕೊಟ್ಟವನು ನಾನೇ. ಅದರಲ್ಲಿ ಒಂದು ಸಾಲು ಕಡ್ಡಾಯವಾಗಿ ಇರಬೇಕಿತ್ತು: ಈ ಅಧ್ಯಯನದಿಂದ ನಿಮಗೆ ನೇರವಾದ ಯಾವ ಪ್ರಯೋಜನವೂ ಇಲ್ಲ. ಇಡೀ ಮಾನವಶಾಸ್ತ್ರದಲ್ಲಿ ಇಷ್ಟು ಸತ್ಯವಾದ ವಾಕ್ಯವನ್ನು ನಾನು ಇನ್ನೊಂದು ಕಡೆ ಓದಿಲ್ಲ.

ವೀಸಾ ಅಧಿಕಾರಿಯೂ ಇದನ್ನೇ ಕೇಳುತ್ತಾನೆ ಎನ್ನುವುದು ತಮಾಷೆ. ಎಫ್-1 ವೀಸಾ ಪಡೆಯುವವನು ಓದು ಮುಗಿದ ಮೇಲೆ ಊರಿಗೆ ಮರಳುತ್ತೇನೆಂದು ಅವನಿಗೆ ಮನವರಿಕೆ ಮಾಡಬೇಕು. ವಿಭಾಗಕ್ಕೆ ನಾನು ಓದುವಾಗಲೇ ಮರಳಬೇಕು. ಗಾಜಿನ ಕಿಟಕಿಯ ಹಿಂದೆ ಕೂತವನು ಒರಟು, ಸೆಮಿನಾರಿನ ಮೇಜಿನಾಚೆ ಕೂತವರು ಮೃದು.

ಇದು ಹೊಸ ಕಥೆಯೇನಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಹೋಗುವ ಮೊದಲೇ ಬೊಂಬಾಯಿಯಲ್ಲಿ ಘುರ್ಯೆ ಅವರ ಬಳಿ ಓದಿ, ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ 1942ರಲ್ಲಿ ಪುಸ್ತಕ ತಂದವರು. ಆಕ್ಸ್‌ಫರ್ಡಿನಲ್ಲಿ ಮೊದಲು ರ‍್ಯಾಡ್‌ಕ್ಲಿಫ್ ಬ್ರೌನ್, ಆಮೇಲೆ ಇವಾನ್ಸ್ ಪ್ರಿಚರ್ಡ್ ಅವರ ಕೈಕೆಳಗೆ, ಕೊಡಗಿನಿಂದ ತಂದಿದ್ದ ಸಾಮಗ್ರಿಯನ್ನೇ ಪ್ರಬಂಧ ಮಾಡಿದರು. 1952ರಲ್ಲಿ ಅದು ಪುಸ್ತಕವಾಯಿತು, ಸಂಸ್ಕೃತೀಕರಣ ಎಂಬ ಪದ ಅದರಿಂದಲೇ ಜಗತ್ತಿಗೆಲ್ಲ ಹಬ್ಬಿತು. ಆಕ್ಸ್‌ಫರ್ಡ್ ಅವರಿಗೆ ಮೇಷ್ಟರ ಕೆಲಸ ಕೊಟ್ಟು, ಪಾಠ ಶುರುಮಾಡುವ ಮೊದಲು ಕ್ಷೇತ್ರಕಾರ್ಯಕ್ಕೆ ಕಳಿಸಿತು. ಎಲ್ಲಿಗೆ? ಮೈಸೂರಿನ ಹತ್ತಿರದ ಹಳ್ಳಿಗೆ. 1948ರಲ್ಲಿ ಅವರು ಕೂತದ್ದು ತಮ್ಮ ಹಿರೀಕರ ಊರಿಗೆ ಹೆಚ್ಚು ದೂರವಲ್ಲದ, ಅವರು ‘ರಾಂಪುರ’ ಎಂದು ಅಡ್ಡಹೆಸರಿಟ್ಟ ಊರಿನಲ್ಲಿ. ಆ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕವು, ಅವರು ನೆನಪಿನಿಂದಲೇ ಇಡೀ ಹಳ್ಳಿಯನ್ನು ಬರೆದರು, 1976ರಲ್ಲಿ ಪುಸ್ತಕ ಬಂತು. ಅದು ದೊಡ್ಡ ಪುಸ್ತಕ. ನನ್ನ ತಕರಾರು ಅದರ ಮೇಲಲ್ಲ.

ನನ್ನ ತಕರಾರು ಬರೆಯದೆ ಉಳಿದ ಪುಸ್ತಕದ ಬಗ್ಗೆ. 1945ರ ಆಕ್ಸ್‌ಫರ್ಡ್ ಹೇಗಿದ್ದಿರಬೇಕು, ಸ್ವಲ್ಪ ಊಹಿಸಿ. ಯುದ್ಧ ಆಗಷ್ಟೇ ಮುಗಿದಿದೆ, ಬೆಣ್ಣೆಗೂ ಪಡಿತರ ಚೀಟಿಯ ಕಾಲ. ಊಟದ ಕೋಣೆಯಲ್ಲಿ ಮೇಷ್ಟರುಗಳಿಗೆ ಎತ್ತರದ ಮೇಜು, ಹುಡುಗರಿಗೆ ಕೆಳಗೆ ಬೆಂಚು. ಹಾಸಿಗೆ ಸರಿಮಾಡಲು ಕಾಲೇಜಿನ ಆಳುಗಳು. ಸಾಮ್ರಾಜ್ಯ ಕೈಬಿಟ್ಟು ಹೋಗುತ್ತಿರುವುದು ಎಲ್ಲರಿಗೂ ಗೊತ್ತು. ಪಂಕ್ತಿಭೇದವನ್ನು ಹುಟ್ಟಿನಿಂದ ಬಲ್ಲ ಮೈಸೂರಿನ ಅಯ್ಯಂಗಾರ್ ಮನೆಯ ಯುವಕ ಅಲ್ಲಿ ಕೂತು ಊಟ ಮಾಡಿದ್ದಾರೆ. ಗಣಿ ಕಾರ್ಮಿಕನ ಮಗ ಆಕ್ಸ್‌ಫರ್ಡಿಗೆ ಬಂದು ಮೂರು ವರ್ಷದಲ್ಲಿ ಉಚ್ಚಾರಣೆ ಬದಲಿಸಿಕೊಂಡು, ಊರಿಗೆ ಹೋದಾಗ ಅಮ್ಮನ ಜೊತೆ ಮಾತಾಡಲು ತಡವರಿಸುವುದಕ್ಕೆ ಶ್ರೀನಿವಾಸರ ಕಣ್ಣು ಏನು ಹೆಸರಿಡುತ್ತಿತ್ತು? ಆ ಪದವೂ ಜಗತ್ತಿಗೆಲ್ಲ ಹಬ್ಬಬಹುದಿತ್ತು. ಆ ಪುಸ್ತಕ ಯಾರಿಗೂ ಬೇಕಾಗಿರಲಿಲ್ಲ.

ಅದೇ ಹೊತ್ತಿಗೆ ಎದುರುಗಡೆಯಿಂದ ಬಂದವರನ್ನು ನೋಡಿ. ಸ್ಕಾರ್ಲೆಟ್ ಎಪ್‌ಸ್ಟೈನ್ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು. ಮ್ಯಾಂಚೆಸ್ಟರಿನಲ್ಲಿ ಓದಿ 1954ರಲ್ಲಿ ಮಂಡ್ಯಕ್ಕೆ ಬಂದರು. ನಾಲೆಯ ನೀರು ಬಂದ ವಂಗಲ, ನೀರು ಬಾರದ ದಲೇನ ಎಂಬ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ನೀರು ಬಂದ ಊರು ಕಬ್ಬಿಗೆ ಬಿದ್ದು ಸಾಹುಕಾರನಾದರೂ ಹಳೆಯ ಕಟ್ಟುಪಾಡಿನಲ್ಲೇ ಉಳಿಯಿತು, ನೀರು ಬಾರದ ಊರಿನವರು ಕೆಲಸ ಹುಡುಕಿ ಮಂಡ್ಯದ ದಾರಿ ಹಿಡಿದು ಹೆಚ್ಚು ಬದಲಾದರು ಎಂದು ತೋರಿಸಿದರು. ಎಂಥ ಒಳನೋಟ! ಅವರು ಹೊರಗಿನವರಾದದ್ದರಿಂದ ಪುಸ್ತಕ ಕೆಟ್ಟಿಲ್ಲ. ಅದನ್ನೇ ನಾನು ಹೇಳುತ್ತಿರುವುದು. ಹೊರಗಿನವರಿಗೆ ಕಾಣುವುದು ಕೆಲವಿರುತ್ತವೆ ಎಂದಾದರೆ, ಮಂಡ್ಯದವರು ಹೋಗಿ ಮ್ಯಾಂಚೆಸ್ಟರನ್ನು ನೋಡಿದಾಗಲೂ ಏನಾದರೂ ಕಾಣಬೇಕಲ್ಲ.

ಇನ್ನು ನನಗೆ ಸಿಕ್ಕ ‘ಸಮುದಾಯದ ದನಿ’ ಎಂಬ ಪಟ್ಟದ ವಿಷಯ.

ಗೊರವನಹಳ್ಳಿ ಎಂದರೆ ಕರ್ನಾಟಕದ ಅರ್ಧ ಜನಕ್ಕೆ ಮಹಾಲಕ್ಷ್ಮಿ ದೇವಸ್ಥಾನ. ಶುಕ್ರವಾರ ಬಂತೆಂದರೆ ಬೆಂಗಳೂರಿನ ಕಾರುಗಳು, ಬಳೆ ಅಂಗಡಿ, ಹೂವಿನ ಅಂಗಡಿ, ಪ್ರಸಾದದ ಊಟದ ಸಾಲು. ಹತ್ತಿರದಲ್ಲೇ ತೀತಾ ಜಲಾಶಯ. ಹಾಳುಸುರಿಯುತ್ತಿದ್ದ ಗುಡಿಯ ಪೂಜೆಯನ್ನು ಕಮಲಮ್ಮ ಎಂಬ ಹೆಣ್ಣುಮಗಳು ಹಿಡಿದು ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತು. ಊರಿನ ಹೆಸರಿನಲ್ಲಿ ಮಾತ್ರ ಗೊರವ ಇದ್ದಾನೆ, ಕರಡಿ ಕೂದಲಿನ ಟೋಪಿ ಹಾಕಿ ಡಮರುಗ ಬಾರಿಸುವ ಮೈಲಾರಲಿಂಗನ ಒಕ್ಕಲು. ನಮ್ಮ ವಿಭಾಗದ ಒಬ್ಬರು ಇದನ್ನೆಲ್ಲ ಕೇಳಿ ಕಣ್ಣರಳಿಸಿದರು. ದೇವಿ, ಹೆಣ್ಣು, ನೀರು, ಜೊತೆಗೆ ಕರಡಿ ಕೂದಲು! ಇಷ್ಟೆಲ್ಲ ಒಂದೇ ಪಂಚಾಯಿತಿ ಆಸುಪಾಸಿನಲ್ಲಿ ಸಿಕ್ಕರೆ ಬಿಡುವುದುಂಟೆ?

ನಮ್ಮ ಸೋದರಮಾವ ಮಾತ್ರ ಬೇರೆ ಥರ ಕೇಳಿದರು. “ಏನಪ್ಪ ಅಲ್ಲಿ ಓದ್ತಿರೋದು?” ಮಾನವಶಾಸ್ತ್ರ ಎಂದೆ. “ಅಂದ್ರೆ ಡಾಕ್ಟ್ರಾ?” ಅಲ್ಲ ಮಾಮ, ಜನ ಹೆಂಗೆ ಬದುಕ್ತಾರೆ ಅಂತ ನೋಡೋದು ಎಂದೆ. “ಅದ್ನ ನೋಡಾಕೆ ಅಮೆರಿಕಕ್ಕೆ ಯಾಕ್ ಹೋಗ್ಬೇಕಿತ್ತು? ಶುಕ್ರವಾರ ಗುಡಿ ತಾವ ಕೂತ್ಕಂಡಿದ್ರೆ ಆಗ್ತಿರ್ಲಿಲ್ವ?” ಆಗುತ್ತಿತ್ತು. ಅದಕ್ಕೆ ವಿಮಾನದ ಟಿಕೆಟ್ ಬೇಕಿರಲಿಲ್ಲ, ಟೋಫೆಲ್ ಬೇಕಿರಲಿಲ್ಲ. ಗುಡಿಯ ಬಳಿ ಕೂತು ನೋಡಿ ಬರೆಯುವವರು ನಮ್ಮಲ್ಲೇ ಇದ್ದಾರೆ. ಕಾಡುಗೊಲ್ಲರ ಬಗ್ಗೆ ತೀ.ನಂ. ಶಂಕರನಾರಾಯಣ ಮಾಡಿದ ಸಂಶೋಧನೆ ಕನ್ನಡದಲ್ಲಿದೆ. ಅವರ ದೈವ ಜುಂಜಪ್ಪನ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ನನ್ನ ವಿಭಾಗದ ಓದುಪಟ್ಟಿಗಳಲ್ಲಿ ಇವು ಯಾವುವೂ ಇಲ್ಲ. ಕನ್ನಡದಲ್ಲಿ ಬರೆದದ್ದು ಅವರಿಗೆ ದತ್ತಾಂಶ, ಇಂಗ್ಲಿಷಿನಲ್ಲಿ ಬರೆದದ್ದು ಸಿದ್ಧಾಂತ. ನಾನು ಈ ಪುಸ್ತಕಗಳನ್ನೇ ಅರೆದು ಇಂಗ್ಲಿಷಿನಲ್ಲಿ ಬಡಿಸಿದರೆ ನನ್ನ ದನಿ!

ಮತ್ತೆ, ಯಾವ ಸಮುದಾಯದ ದನಿ? ನಾನು ಕುಂಚಿಟಿಗರ ಮನೆಯವನು. ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಗೊಲ್ಲರು ರಾತ್ರಿ ಕುರಿಮಂದೆ ನಿಲ್ಲಿಸುತ್ತಿದ್ದರು, ಬೆಳಿಗ್ಗೆ ನಮ್ಮಜ್ಜ ಅವರಿಗೆ ರಾಗಿ ಅಳೆದು ಕೊಡುತ್ತಿದ್ದರು. ಅವರು ಅಂಗಳದಲ್ಲಿ ಕೂರುತ್ತಿದ್ದರು, ನಾವು ಜಗಲಿಯಲ್ಲಿ. ಆ ಅಂಗಳಕ್ಕೂ ಜಗಲಿಗೂ ನಡುವೆ ಇರುವ ಮೂರು ಮೆಟ್ಟಿಲು ಅಮೆರಿಕದಿಂದ ನೋಡಿದರೆ ಕಾಣುವುದಿಲ್ಲ. ಅಲ್ಲಿಂದ ನೋಡಿದರೆ ನಾನೂ ಹಟ್ಟಿಯವನೇ. ಶ್ರೀನಿವಾಸರ ದೃಷ್ಟಿ ಬ್ರಾಹ್ಮಣ ಕೇಂದ್ರಿತ ಎಂದು ಎಡ್ಮಂಡ್ ಲೀಚ್ ಟೀಕಿಸಿದ್ದರು. ಆ ಟೀಕೆಯಲ್ಲಿ ಹುರುಳಿದೆ. ಆದರೆ ಇವತ್ತು ‘ನಿನ್ನ ಜನರ ಬಗ್ಗೆ ಬರೆ’ ಎನ್ನುವ ವಿಭಾಗಗಳು ಆ ಟೀಕೆಯನ್ನೇ ಮರೆತಿವೆ. ಪಾಸ್‌ಪೋರ್ಟ್ ಒಂದೇ ಆದರೆ ಜನವೂ ಒಂದೇ ಎಂದುಕೊಂಡಿವೆ.

ಹಟ್ಟಿಯ ಮಾತು ಬಂದಿತು, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಶಿರಾ, ಮಧುಗಿರಿ, ಪಾವಗಡ ಕಡೆಯ ಗೊಲ್ಲರಹಟ್ಟಿಗಳಲ್ಲಿ ಮಾನವಶಾಸ್ತ್ರ ಎಂದರೆ ಯಾರಿಗೂ ತಿಳಿಯುವುದಿಲ್ಲ. ‘ಕುಲಶಾಸ್ತ್ರೀಯ ಅಧ್ಯಯನ’ ಎನ್ನಿ, ಕುರಿ ಕಾಯುವ ಹುಡುಗನಿಗೂ ಗೊತ್ತು. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. ಅದಕ್ಕಾಗಿ ವಿಶ್ವವಿದ್ಯಾಲಯದವರು ಬಂದರು, ಅಳೆದರು, ಬರೆದುಕೊಂಡು ಹೋದರು, ಕಡತ ದೆಹಲಿಗೆ ಹೋಯಿತು. 2020ರಲ್ಲಿ ಶಿರಾ ಉಪಚುನಾವಣೆ ಎದುರಿಗಿದ್ದಾಗ ಕಾಡುಗೊಲ್ಲರಿಗೆ ಒಂದು ಅಭಿವೃದ್ಧಿ ನಿಗಮದ ಘೋಷಣೆ ಬಂತು. ಕುಲಶಾಸ್ತ್ರದವರ ಕೈಯಲ್ಲಿರುವ ಅಳತೆಗೋಲು 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಅಂದರೆ ಸೌಲಭ್ಯ ಬೇಕಾದರೆ ನೀವು ಆದಿಮರೆಂದು ತೋರಿಸಿ. ಇತ್ತ ರಾಜ್ಯದ 2017ರ ಮೌಢ್ಯ ನಿಷೇಧ ಕಾಯಿದೆ ಮುಟ್ಟಾದ, ಬಸುರಾದ ಹೆಣ್ಣುಮಕ್ಕಳನ್ನು ಬಲವಂತವಾಗಿ ಊರಾಚೆ ಇಡುವುದನ್ನು ಅಪರಾಧ ಎನ್ನುತ್ತದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಮಳೆಯಲ್ಲಿ ಊರಾಚೆಯ ಗುಡಿಸಲಲ್ಲಿಟ್ಟು ಕೂಸು ತೀರಿಕೊಂಡ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಒಂದು ಕಚೇರಿ ‘ಆದಿಮ ಲಕ್ಷಣ ತೋರಿಸು’ ಎನ್ನುತ್ತದೆ, ಇನ್ನೊಂದು ‘ಅದನ್ನು ಬಿಡು, ಇಲ್ಲದಿದ್ದರೆ ಕೇಸು’ ಎನ್ನುತ್ತದೆ. ನಡುವೆ ಸಿಕ್ಕ ಹೆಣ್ಣುಮಗಳು ಏನು ಮಾಡಬೇಕು?

ಆ ಸುದ್ದಿಯನ್ನು ನಾನು ಸೆಮಿನಾರಿನಲ್ಲಿ ಹೇಳಿದೆ. ಒಂದು ನಿಮಿಷ ಎಲ್ಲರೂ ತಲೆ ತಗ್ಗಿಸಿದರು. ಆಮೇಲೆ ಒಬ್ಬರು ಕೇಳಿದರು, ಆ ಗುಡಿಸಲನ್ನು ಆಧುನಿಕ ಕಾಲಗಣನೆಯಾಚೆಗಿನ ಒಂದು ಪರ್ಯಾಯ ಕಾಲಪ್ರಜ್ಞೆಯ ಜಾಗವಾಗಿ ನೋಡಲು ಸಾಧ್ಯವೇ ಎಂದು. ಕೇಳಿದವರು ಕೆಟ್ಟವರಲ್ಲ. ಅವರ ಶಾಸ್ತ್ರಕ್ಕೆ ನಾವು ಬೇರೆಯಾಗಿರುವುದು ಬೇಕು, ಅಷ್ಟೆ. ಲೋಕೂರ್ ಸಮಿತಿಗೂ ಅದೇ ಬೇಕಿತ್ತು. ಸಮಿತಿ ಅದನ್ನು ಆದಿಮ ಎಂದಿತು, ಸೆಮಿನಾರು ಪರ್ಯಾಯ ಎನ್ನುತ್ತದೆ. ಹಟ್ಟಿಯವರ ಬೇಡಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಬಡತನ ಯಾವ ಅಳತೆಗೋಲೂ ಇಲ್ಲದೆ ಕಣ್ಣಿಗೆ ಕಾಣುತ್ತದೆ. ಆದರೆ ಈ ಎರಡೂ ಕಚೇರಿಗಳಿಗೆ ಸರಕು ಸಾಗಿಸುವ ಕೂಲಿ ನನಗೆ ಬೇಡ.

ಇಷ್ಟು ಓದಿದವರು ‘ಹಾಗಾದರೆ ನೀನೂ ಸರ್ಕಾರದ ಮಾತನ್ನೇ ಆಡುತ್ತಿದ್ದೀಯ’ ಎನ್ನಬಹುದು. 2022ರಲ್ಲಿ ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿ ಮತ್ತಿತರ ವಿದ್ಯಾರ್ಥಿಗಳ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ ನಿಯಮ ಬದಲಿಸಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯ ಆರಿಸಿಕೊಂಡರೆ ಹಣವಿಲ್ಲ ಎಂದಿತು. ಜಾತಿಯ ಏಟು ತಿಂದ ಹುಡುಗಿ ಲಂಡನ್ನಿಗೆ ಹೋಗಿ ಜಾತಿಯ ಬಗ್ಗೆ ಬರೆಯಕೂಡದು ಎಂಬುದೇ ಅದರ ಅರ್ಥ. ಅದು ಶುದ್ಧ ಅನ್ಯಾಯ, ಆ ನಿಯಮ ತೊಲಗಬೇಕು. ಹಟ್ಟಿಯ ಹುಡುಗಿ ಹಟ್ಟಿಯ ಗುಡಿಸಲಿನ ಬಗ್ಗೆ ಬರೆದರೆ ನಾನು ಮೊದಲು ಕೂತು ಓದುತ್ತೇನೆ, ಯಾಕೆಂದರೆ ಅದನ್ನು ಇಲ್ಲಿಯವರೆಗೆ ಬರೆದವರು ಬಹುಪಾಲು ಜಗಲಿಯ ಮೇಲಿನವರು. ಆದರೆ ಅದೇ ಹುಡುಗಿ ಆಕ್ಸ್‌ಫರ್ಡಿನ ಎತ್ತರದ ಮೇಜಿನ ಬಗ್ಗೆ ಬರೆಯುತ್ತೇನೆ ಎಂದರೆ ವಿಭಾಗದವರು ನಗಬಾರದು. ಸರ್ಕಾರ ‘ನಿನ್ನ ಬಗ್ಗೆ ಬರೆಯಬೇಡ’ ಎನ್ನುತ್ತದೆ, ವಿಭಾಗ ‘ನಿನ್ನ ಬಗ್ಗೆ ಮಾತ್ರ ಬರೆ’ ಎನ್ನುತ್ತದೆ. ಏನನ್ನು ಓದಬೇಕು ಎಂಬುದನ್ನು ಅವಳು ಎಲ್ಲಿ ಹುಟ್ಟಿದಳೆಂಬುದೇ ತೀರ್ಮಾನಿಸಬೇಕು ಎನ್ನುವಲ್ಲಿ ಇಬ್ಬರೂ ಒಂದೇ.

ಎದುರು ದಿಕ್ಕಿನಲ್ಲಿ ನಡೆದವರಿಗೆ ಏನಾಯಿತು ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಜಿ. ಪ್ರಕಾಶ್ ರೆಡ್ಡಿ ಡೆನ್ಮಾರ್ಕಿನ ಹ್ವಿಲ್ಸಾಗರ್ ಎಂಬ ಹಳ್ಳಿಗೆ ಹೋಗಿ ಕೂತು, ಡೇನರು ಹೀಗೆ ಎಂದು ಪುಸ್ತಕ ಬರೆದರು. ಮುಚ್ಚಿದ ಬಾಗಿಲುಗಳು, ಒಂ‌ಟಿಯಾದ ಮುದುಕರು, ಮನೆಮಂದಿಯ ಜಾಗ ಹಿಡಿದ ನಾಯಿಗಳು ಅವರಿಗೆ ಕಂಡವು. ಡೆನ್ಮಾರ್ಕಿನಲ್ಲಿ ದೊಡ್ಡ ಗದ್ದಲವಾಯಿತು. ಇವನಿಗೆ ನಮ್ಮ ಭಾಷೆ ಬರುವುದಿಲ್ಲ, ಇದ್ದದ್ದೇ ಕೆಲವು ತಿಂಗಳು, ತನ್ನ ಹಳ್ಳಿಯ ಕಣ್ಣಿನಿಂದ ನಮ್ಮನ್ನು ಅಳೆದಿದ್ದಾನೆ ಎಂದರು. ಎಲ್ಲವೂ ನ್ಯಾಯವಾದ ಆಕ್ಷೇಪಣೆಗಳೇ! ದುಭಾಷಿಯನ್ನು ಕರೆದುಕೊಂಡು ನಮ್ಮ ಹಳ್ಳಿಗಳಿಗೆ ಬಂದು, ಕೆಲವು ತಿಂಗಳಿದ್ದು, ಪುಸ್ತಕ ಬರೆದು ಹೋದ ಎಷ್ಟು ಜನರಿಗೆ ಈ ಪ್ರಶ್ನೆ ಹಾಕಲಾಗಿದೆ?

ಕನ್ನಡಕ್ಕೆ ಈ ಕೆಲಸ ಹೊಸದಲ್ಲ ಎಂಬುದು ನನ್ನ ಧೈರ್ಯ. ಹಾಸನ ಜಿಲ್ಲೆಯ ಹಳ್ಳಿಯಿಂದ ಎದ್ದು ಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಅಮೆರಿಕದಲ್ಲಿ ಗೊರೂರು’ ಬರೆದರು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾರಂತರು ಯೂರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದರು. ಪ್ರವಾಸ ಕಥನ ಎಂಬ ಕಪಾಟಿನಲ್ಲಿ ಇಟ್ಟು ನಾವು ಇವನ್ನು ಮರೆತಿದ್ದೇವೆ. ನನಗೆ ಇವು ಪಶ್ಚಿಮದ ಬಗ್ಗೆ ಕನ್ನಡದ ಮೊದಮೊದಲ ಕ್ಷೇತ್ರ ಟಿಪ್ಪಣಿಗಳು.

ನಾನು ನೋಡುತ್ತಿರುವುದು ಜೋಳ ಮತ್ತು ಸೋಯಾ ಬೆಳೆಯುವ ರೈತರ ಹರಾಜುಗಳನ್ನು. ನಮ್ಮ ಕಣ್ಣಿಗೆ ಮೊದಲು ಹೊಡೆಯುವುದು ಅಲ್ಲಿ ಊರಿಲ್ಲ ಎಂಬುದು. 1785ರ ಭೂ ಕಾನೂನು ಆ ದೇಶವನ್ನು ಆರು ಮೈಲಿ ಚೌಕಗಳಾಗಿ, ಒಂದೊಂದು ಚೌಕವನ್ನು 640 ಎಕರೆಯ 36 ತುಂಡುಗಳಾಗಿ ಕತ್ತರಿಸಿತು. 1862ರ ಕಾಯಿದೆ ಒಂದು ಸಂಸಾರಕ್ಕೆ 160 ಎಕರೆ ಕೊಟ್ಟಿತು. ಅಲ್ಲಿ ಮೊದಲಿದ್ದ ಮೂಲನಿವಾಸಿಗಳನ್ನು ಎಬ್ಬಿಸಿ ಕೊಟ್ಟದ್ದು ಅದು. ಹಾಗಾಗಿ ಪ್ರತಿ ಮನೆಯೂ ತನ್ನ ಹೊಲದ ನಡುವೆ ಒಂಟಿ. ಅರಳಿಕಟ್ಟೆ ಇಲ್ಲ, ಊರಬಾಗಿಲು ಇಲ್ಲ, ಬೇಡದ ನೆಂಟರೂ ಇಲ್ಲ. ಅಕ್ಕಪಕ್ಕದವರೆಲ್ಲ ಒಂದೆಡೆ ಸೇರುವುದನ್ನು ನಾನು ಕಂಡದ್ದು ಚರ್ಚಿನಲ್ಲಿ, ಶಾಲೆಯ ಪಂದ್ಯದಲ್ಲಿ, ಮತ್ತು ಯಾರಾದರೂ ಬೇಸಾಯ ಬಿಟ್ಟಾಗ ನಡೆಯುವ ಹರಾಜಿನಲ್ಲಿ. ಟ್ರ್ಯಾಕ್ಟರಿನಿಂದ ಸುತ್ತಿಗೆಯವರೆಗೆ ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಚರ್ಚಿನ ಹೆಂಗಸರು ಕಾಫಿ, ಪೈ ಮಾರುತ್ತಾರೆ. ಹರಾಜುಗಾರ ಉಸಿರು ಬಿಡದೆ ಕೂಗುತ್ತಾನೆ. ನಾನು ನೋಡಿದ ಮೊದಲ ಹರಾಜಿನಲ್ಲಿ ಮನೆಯ ಯಜಮಾನ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅಲ್ಲಿನ ಅರ್ಥಶಾಸ್ತ್ರದ ವರದಿಗಳಲ್ಲಿ ಇದರ ಹೆಸರು ಆಸ್ತಿ ವಿಲೇವಾರಿ. ಬ್ಯಾಂಕಿನ ಜೀಪು ಬೀದಿಗೆ ಬಂದ ದಿನ ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಂಡ ಮನೆಗಳನ್ನು ಕಂಡು ಬೆಳೆದವರಿಗೆ ಬೇರೆ ಹೆಸರು ಹೊಳೆಯುತ್ತದೆ.

1930ರ ದಶಕದ ಮುಗ್ಗಟ್ಟಿನಲ್ಲಿ ಅಯೋವಾ, ನೆಬ್ರಾಸ್ಕಾ ಕಡೆಯ ರೈತರು ಒಂದು ಉಪಾಯ ಮಾಡಿದ್ದರು. ಬ್ಯಾಂಕು ಹರಾಜಿಗಿಟ್ಟ ನೆರೆಯವನ ಸಾಮಾನಿಗೆ ಎಲ್ಲರೂ ಪುಡಿಗಾಸು ಕೂಗಿ ಕೊಂಡು, ಅದನ್ನು ಅವನಿಗೇ ವಾಪಸ್ ಕೊಡುವುದು. ಹೆಚ್ಚು ಕೂಗಲು ಬಂದ ಹೊರಗಿನವನಿಗೆ ಬೆದರಿಕೆ. ಅಲ್ಲಿನ ಇತಿಹಾಸಕಾರರು ಇದನ್ನು ಒಂದು ಅಪರೂಪದ ಘಟನೆಯಂತೆ ಬರೆಯುತ್ತಾರೆ. ನಾನು ಓದುತ್ತಲೇ ಎದ್ದು ಕೂತೆ. ಇದು ನಮ್ಮ ಮರುಜಪ್ತಿ! 1980ರ ದಶಕದಲ್ಲಿ ನಂಜುಂಡಸ್ವಾಮಿಯವರ ರೈತಸಂಘ ಜಪ್ತಿಯಾದ ಪಾತ್ರೆ, ಪಂಪುಸೆಟ್ಟುಗಳನ್ನು ಹಿಂದಕ್ಕೆ ತಂದು ರೈತನ ಮನೆಯಲ್ಲಿಟ್ಟದ್ದು, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಹಲಗೆ ನೆಟ್ಟದ್ದು. (ಸಂಶೋಧಕರ ಹೆಸರನ್ನೂ ಆ ಹಲಗೆಗೆ ಸೇರಿಸಬಹುದಿತ್ತು.) ಅವರಿಗೆ ಊರಿಲ್ಲದೆಯೂ ಅದು ಹೇಗೆ ಸಾಧ್ಯವಾಯಿತು, ನಮಗೆ ಊರು ಇದ್ದೂ ಈಗ ಯಾಕೆ ಸಾಧ್ಯವಾಗುತ್ತಿಲ್ಲ? ನನ್ನ ಪ್ರಬಂಧ ಈ ಪ್ರಶ್ನೆಯ ಸುತ್ತ ತಿರುಗುತ್ತಿದೆ. ಮರುಜಪ್ತಿ ಎಂಬ ಪದವನ್ನು ಅನುವಾದಿಸದೆ ಹಾಗೆಯೇ ಇಂಗ್ಲಿಷಿನಲ್ಲಿ ಇಟ್ಟಿದ್ದೇನೆ. ಅವರು ಕಲಿಯಲಿ.

ಎಪ್ಪತ್ತು ದಾಟಿದ ಒಬ್ಬ ರೈತ ನನ್ನನ್ನು ಕೇಳಿದ, ನಿಮ್ಮ ದೇಶದಲ್ಲಿ ಓದಲು ಜನ ಸಾಲದೇ ಎಂದು. ನಮ್ಮ ಮಾವನ ಪ್ರಶ್ನೆಯೇ. ಇದ್ದಾರೆ, ಅವರನ್ನು ನೋಡಲು ನಿಮ್ಮವರು ಹೋಗಿದ್ದಾರೆ ಎಂದೆ. ಜೋರಾಗಿ ನಕ್ಕ. ಆಮೇಲೆ ನಮ್ಮ ಕಡೆ ಎಕರೆಗೆ ಎಷ್ಟು ಬೆಲೆ ಎಂದು ಕೇಳಿದ. ದೇವಸ್ಥಾನದ ರಸ್ತೆಯ ಪಕ್ಕದ ಬೆಲೆಯನ್ನು ಡಾಲರಿಗೆ ತಿರುಗಿಸಿ ಹೇಳಿದೆ. ಅವನು ಸುಮಾರು ಹೊತ್ತು ಮಾತಾಡಲಿಲ್ಲ, ಅಲ್ಲಿ ಏನು ಬೆಳೆಯುತ್ತೀರಿ ಎಂದ. ಸೈಟುಗಳನ್ನು ಎಂದೆ.

ಮಾರ್ಚಿಯಲ್ಲಿ ಅವನ ಮನೆಯಲ್ಲೇ ಹರಾಜು, ಬಿತ್ತನೆಗೆ ಮೊದಲು. ನನಗೆ ಬೆಳಿಗ್ಗೆ ಬೇಗ ಬರಲು ಹೇಳಿದ್ದಾನೆ, ಸಾಮಾನು ಹೊರಗಿಡಲು ಕೈ ಸಾಲದಂತೆ. ಟಿಪ್ಪಣಿಯನ್ನು ನಾನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ, ಹೆಗಲ ಮೇಲಿಂದ ಬಗ್ಗಿ ನೋಡಿದರೂ ಯಾರಿಗೂ ತಿಳಿಯುವುದಿಲ್ಲ. ಚರ್ಚಿನ ಹೆಂಗಸರು ಮಾರುವ ಆ ಪೈಗೆ ಕನ್ನಡದಲ್ಲಿ ಏನೆನ್ನಬೇಕೋ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ‘ಸೇಬಿನ ಕಡುಬು’ ಎಂದು ಬರೆದಿಟ್ಟಿದ್ದೇನೆ.